ಕಂಪನಿಯೊಳಗಿನ ಜಗಳ: ಎದುರಾಳಿ ಒಪ್ಪದಿದ್ದರೂ ಕಂಪನಿ ಮುಚ್ಚಿಸಬಹುದೇ?

“ಷೇರು ಇಬ್ಬರದೂ ಅರ್ಧರ್ಧ. ಎಂಟು ತಿಂಗಳಿಂದ ಮಾತಿಲ್ಲ. ಚೆಕ್ಕಿಗೆ ಅವನು ಸಹಿ ಹಾಕುವುದಿಲ್ಲ, ಮುಚ್ಚಿಬಿಡೋಣ ಎಂದರೆ ಅದಕ್ಕೂ ಒಪ್ಪುವುದಿಲ್ಲ. ನಾನೊಬ್ಬನೇ ಹೋಗಿ ಕಂಪನಿ ಮುಚ್ಚಿಸಲು ಸಾಧ್ಯವೇ?” ವ್ಯಾಪಾರ ಬೇರೆ, ಊರು ಬೇರೆ, ಜಗಳದ ಮೂಲ ಬೇರೆ, ಆದರೆ ಓದುಗರಿಂದ ಬರುವ ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ.

ಸಾಧ್ಯವಿದೆ. ಕಾಯ್ದೆ ಅದಕ್ಕೆ ದಾರಿ ಇಟ್ಟಿದೆ. ಆದರೆ ಜಗಳವಿದೆ ಎಂದ ಮಾತ್ರಕ್ಕೆ ಆ ದಾರಿ ತೆರೆಯುವುದಿಲ್ಲ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ: ಕಂಪನಿ ಮುಚ್ಚಿಸಬೇಕು ಎಂದು ಹೊರಟವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ತಮ್ಮ ಪಾಲಿನ ಹಣ ಮತ್ತು ಬಿಡುಗಡೆ. ಅದಕ್ಕೆ ಕಾಯ್ದೆಯಲ್ಲಿ ಬೇರೊಂದು ಬಾಗಿಲಿದೆ. ಎರಡೂ ಬಾಗಿಲುಗಳು ಅಕ್ಕಪಕ್ಕದಲ್ಲಿರುವುದರಿಂದ ಜನ ತಪ್ಪು ಬಾಗಿಲು ತಟ್ಟುತ್ತಾರೆ.

ಕೆಳಗಿನದೆಲ್ಲ ಭಾರತದ ಕಂಪನಿ ಕಾಯ್ದೆ, 2013ರ ಅಡಿ ನೋಂದಣಿಯಾದ, ಷೇರು ಬಂಡವಾಳವುಳ್ಳ ಖಾಸಗಿ ಕಂಪನಿಗಳಿಗೆ ಸಂಬಂಧಿಸಿದ್ದು.

ಮೊದಲು ಕೆಲವು ಪದಗಳು

ಸಮಾಪನ ಎಂದರೆ ಕಂಪನಿಯ ಆಸ್ತಿ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಷೇರುದಾರರಿಗೆ ಹಂಚುವ ಪ್ರಕ್ರಿಯೆ. ಅದನ್ನು ನಡೆಸುವ ಅಧಿಕಾರಿ ಸಮಾಪಕ. ಲಿಕ್ವಿಡೇಟರ್ ಎಂದೇ ಎಲ್ಲರೂ ಕರೆಯುತ್ತಾರೆ. ಈ ಕೆಲಸವೆಲ್ಲ ಮುಗಿದ ಮೇಲೆ ಕಂಪನಿಯ ಅಸ್ತಿತ್ವ ಕೊನೆಗೊಳಿಸುವ ಆದೇಶ ವಿಸರ್ಜನೆ. ಅಂದರೆ ಸಮಾಪನ ಮೊದಲು, ವಿಸರ್ಜನೆ ಕೊನೆಗೆ. ಎರಡರ ನಡುವೆ ವರ್ಷಗಳೇ ಕಳೆಯಬಹುದು.

‘ಸ್ಟ್ರೈಕ್ ಆಫ್’ ಎಂದು ನೀವು ಕೇಳಿರುವುದು ಬೇರೆ. ಸೆಕ್ಷನ್ 248ರ ಅಡಿ, ಕಂಪನಿ ರಿಜಿಸ್ಟ್ರಾರರ ಪಟ್ಟಿಯಿಂದ ಹೆಸರು ತೆಗೆಸುವ ಸುಲಭ ವಿಧಾನ ಅದು. ಅದಕ್ಕೆ ಸಾಲವೆಲ್ಲ ತೀರಿರಬೇಕು. ಜತೆಗೆ ವಿಶೇಷ ನಿರ್ಣಯ (ಮಹಾಸಭೆಯಲ್ಲಿ ಚಲಾಯಿಸಿದ ಮತಗಳಲ್ಲಿ ನಾಲ್ಕನೇ ಮೂರು ಭಾಗ ಬೇಕಾದ ನಿರ್ಣಯ) ಅಥವಾ ಪಾವತಿಯಾದ ಬಂಡವಾಳದ ಲೆಕ್ಕದಲ್ಲಿ ಶೇ 75ರಷ್ಟು ಸದಸ್ಯರ ಒಪ್ಪಿಗೆ ಬೇಕು. ಅರ್ಧರ್ಧ ಷೇರಿನ ಜಗಳದಲ್ಲಿ ಶೇ 75 ಎಲ್ಲಿಂದ ಬಂದೀತು? ಆ ದಾರಿಯನ್ನು ಮರೆತುಬಿಡಿ.

ಇಂಥ ವ್ಯಾಜ್ಯ ನಡೆಯುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ, ಅಂದರೆ ಎನ್‌ಸಿಎಲ್‌ಟಿಯಲ್ಲಿ. 2016ರ ಜೂನ್ 1ರಿಂದ ಅದು ಅಸ್ತಿತ್ವದಲ್ಲಿದೆ. ಸೆಕ್ಷನ್ 430ರ ಪ್ರಕಾರ ನ್ಯಾಯಮಂಡಳಿಯ ವ್ಯಾಪ್ತಿಗೆ ಬಿಟ್ಟ ವಿಷಯವನ್ನು ಸಿವಿಲ್ ನ್ಯಾಯಾಲಯ ಮುಟ್ಟುವಂತಿಲ್ಲ. ಊರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಒಂದೆರಡು ವರ್ಷ ಕಳೆದ ಮೇಲೆ ‘ಇಲ್ಲಿ ಬರುವುದಿಲ್ಲ’ ಎಂದು ಕೇಳಿಸಿಕೊಂಡವರು ಕಡಿಮೆಯೇನಿಲ್ಲ.

ಹಂತ 1: ನಿಮ್ಮದು ಯಾವ ಬಗೆಯ ಸಂಸ್ಥೆ, ಎಲ್ಲಿ ನೋಂದಣಿ ಎಂದು ನೋಡಿ

ಮಾತಿನಲ್ಲಿ ಎಲ್ಲರೂ ‘ಪಾಲುದಾರ’ ಎನ್ನುತ್ತಾರೆ. ನೋಂದಣಿ ಪತ್ರದಲ್ಲಿ ಏನಿದೆ ನೋಡಿ. ಪಾಲುದಾರಿಕೆ ಸಂಸ್ಥೆಯಾದರೆ 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 44, ಸಿವಿಲ್ ನ್ಯಾಯಾಲಯ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ 2008ರ ಕಾಯ್ದೆಯ ಸೆಕ್ಷನ್ 64, ಎನ್‌ಸಿಎಲ್‌ಟಿ. ಪ್ರೈವೇಟ್ ಲಿಮಿಟೆಡ್ ಆದರೆ ಮಾತ್ರ ಮುಂದೆ ಓದಿ. ಯಾವ ಪೀಠ ಎಂಬುದನ್ನು ಕಂಪನಿಯ ನೋಂದಾಯಿತ ಕಚೇರಿ ನಿರ್ಧರಿಸುತ್ತದೆ. ಕಾರ್ಖಾನೆ ಹುಬ್ಬಳ್ಳಿಯಲ್ಲಿದ್ದು ನೋಂದಾಯಿತ ಕಚೇರಿ ಮುಂಬೈಯಲ್ಲಿದ್ದರೆ ನೀವು ಹೋಗಬೇಕಾದದ್ದು ಮುಂಬೈಗೆ. ಕರ್ನಾಟಕದ ಕಂಪನಿಗಳಿಗೆ ಬೆಂಗಳೂರು ಪೀಠ.

ಹಂತ 2: ನಿಮ್ಮ ದೂರು ಕಾನೂನಿನ ಕಾರಣವಾಗುತ್ತದೆಯೇ ಎಂದು ಪರೀಕ್ಷಿಸಿ

ಇಲ್ಲಿ ಅವಸರ ಬೇಡ. ಅರ್ಜಿಯ ಹಣೆಬರಹ ತೀರ್ಮಾನವಾಗುವುದೇ ಈ ಹಂತದಲ್ಲಿ.

ನ್ಯಾಯಮಂಡಳಿ ಕಂಪನಿಯನ್ನು ಸಮಾಪನಗೊಳಿಸಬಹುದಾದ ಸಂದರ್ಭಗಳನ್ನು ಸೆಕ್ಷನ್ 271 ಪಟ್ಟಿ ಮಾಡುತ್ತದೆ. ಕಂಪನಿಯೇ ವಿಶೇಷ ನಿರ್ಣಯ ಮಾಡಿದಾಗ. ದೇಶದ ಸಾರ್ವಭೌಮತೆ, ಭದ್ರತೆಯಂಥವುಗಳಿಗೆ ವಿರುದ್ಧವಾಗಿ ಕಂಪನಿ ನಡೆದುಕೊಂಡಾಗ. ವಂಚನೆಯಿಂದ ವ್ಯವಹಾರ ನಡೆದಿದೆ ಎಂದು ರಿಜಿಸ್ಟ್ರಾರ್ ಅಥವಾ ಸರ್ಕಾರ ಅಧಿಕಾರ ಕೊಟ್ಟವರು ಅರ್ಜಿ ಹಾಕಿದಾಗ. ಹಿಂದಿನ ಸತತ ಐದು ಹಣಕಾಸು ವರ್ಷಗಳ ಲೆಕ್ಕಪತ್ರ ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸದಿದ್ದಾಗ. ಮತ್ತು ಕೊನೆಯದಾಗಿ, ಸಮಾಪನ ಮಾಡುವುದೇ ‘ನ್ಯಾಯಯುತ ಮತ್ತು ಸಮಂಜಸ’ ಎಂದು ನ್ಯಾಯಮಂಡಳಿಗೆ ಅನಿಸಿದಾಗ.

ಒಳಜಗಳದವರಿಗೆ ದಕ್ಕುವುದು ಈ ಕೊನೆಯದೇ. ‘ಕಂಪನಿ ಸಾಲ ತೀರಿಸಲಾಗದ ಸ್ಥಿತಿಯಲ್ಲಿದೆ’ ಎಂಬ ಕಾರಣ ಹಿಂದೆ ಇದೇ ಸಾಲಿನಲ್ಲಿತ್ತು. 2016ರ ದಿವಾಳಿ ಸಂಹಿತೆ ಬಂದ ಮೇಲೆ ಅದು ಅಲ್ಲಿಗೆ ಹೋಯಿತು. ಹಳೆಯ ಪುಸ್ತಕ ನೋಡಿ ಅರ್ಜಿ ಬರೆಯುವವರು ಇಲ್ಲಿ ಎಡವುತ್ತಾರೆ.

‘ನ್ಯಾಯಯುತ ಮತ್ತು ಸಮಂಜಸ’ ಎಂದರೇನು ಎಂದು ಕಾಯ್ದೆ ಹೇಳುವುದಿಲ್ಲ. ಬೇಕೆಂದೇ ಹೇಳಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ತೀರ್ಪುಗಳು ಅದಕ್ಕೆ ರೂಪ ಕೊಟ್ಟಿವೆ. ನಿಮ್ಮ ಸಂಗತಿ ಈ ಕೆಳಗಿನ ಯಾವುದಾದರೂ ಒಂದರ ಒಳಗೆ ಕೂರಬೇಕು.

*ಬಿಡಿಸಲಾಗದ ಬಿಕ್ಕಟ್ಟು.* 1916ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಯೆನಿಜೆ ಟೊಬ್ಯಾಕೊ ಪ್ರಕರಣವನ್ನು ಇಂದಿಗೂ ವಕೀಲರು ಉದ್ಧರಿಸುತ್ತಾರೆ. ತಂಬಾಕು ವ್ಯಾಪಾರದ ಇಬ್ಬರು ಸಮಾನ ಹಕ್ಕುದಾರರು ಮುಖ ಕೊಟ್ಟು ಮಾತನಾಡುವುದನ್ನೇ ನಿಲ್ಲಿಸಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಕಂಪನಿಯ ಕಾರ್ಯದರ್ಶಿ ಮುಟ್ಟಿಸುತ್ತಿದ್ದರು. ಕಂಪನಿ ಲಾಭದಲ್ಲಿತ್ತು. ಆದರೂ ಮುಚ್ಚಲು ಆದೇಶವಾಯಿತು. ‘ಲಾಭದಲ್ಲಿರುವ ಕಂಪನಿಯನ್ನು ಮುಚ್ಚಿಸಲಾಗದು’ ಎಂದು ಯಾರಾದರೂ ಹೇಳಿದರೆ ಈ ಪ್ರಕರಣ ನೆನಪಿಡಿ.

ಆದರೆ ನಿಮ್ಮ ಬಿಕ್ಕಟ್ಟು ನಿಜವಾದದ್ದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕಂಪನಿಯ ಅಂತರ್ನಿಯಮಾವಳಿಯನ್ನು (ಆರ್ಟಿಕಲ್ಸ್ ಎನ್ನುವ ಆಂತರಿಕ ನಿಯಮಗಳ ಪುಸ್ತಕ) ತೆರೆದು, ಮತ ಸಮಸಮವಾದಾಗ ಅಧ್ಯಕ್ಷರಿಗೆ ನಿರ್ಣಾಯಕ ಮತವಿದೆಯೇ ನೋಡಿ. ಇದ್ದರೆ, ಎದುರಾಳಿಯೇ ಅಧ್ಯಕ್ಷರಾದರೆ, ಕಾನೂನಿನ ಕಣ್ಣಿಗೆ ಅಲ್ಲಿ ಬಿಕ್ಕಟ್ಟೇ ಇಲ್ಲ. ನೀವು ಸೋಲುತ್ತಿದ್ದೀರಿ ಅಷ್ಟೆ. ಇನ್ನು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗದೆ ಮಹಾಸಭೆ ನಿಂತಿದ್ದರೆ ಸೆಕ್ಷನ್ 97 ಮತ್ತು 98ರ ಅಡಿ ನ್ಯಾಯಮಂಡಳಿಯೇ ಸಭೆ ಕರೆಸಬಹುದು. ಒಬ್ಬನೇ ಸದಸ್ಯ ಹಾಜರಿದ್ದರೂ ಅದನ್ನು ಸಭೆಯೆಂದೇ ಪರಿಗಣಿಸಿ ಎಂದು ನಿರ್ದೇಶಿಸಬಹುದು. ಇಷ್ಟು ಸಣ್ಣ ಕೀಲಿಯಿಂದ ತೆರೆಯುವ ಬೀಗವನ್ನು ಒಡೆಯಲು ಹೊರಟರೆ ನ್ಯಾಯಮಂಡಳಿ ಒಪ್ಪುವುದಿಲ್ಲ.

*ಪಾಲುದಾರಿಕೆಯಂತೆ ಕಟ್ಟಿದ ಕಂಪನಿಯಿಂದ ಹೊರದಬ್ಬುವುದು.* ಎಬ್ರಾಹಿಮಿ ಮತ್ತು ನಾಜರ್ ಎಂಬಿಬ್ಬರು ಕಾರ್ಪೆಟ್ ವ್ಯಾಪಾರದಲ್ಲಿ ಸಮಪಾಲುದಾರರು. 1958ರಲ್ಲಿ ಅದನ್ನು ಕಂಪನಿಯಾಗಿಸಿದರು, ಆಮೇಲೆ ನಾಜರ್ ಅವರ ಮಗನೂ ಸೇರಿದ. ಲಾಭವನ್ನು ಲಾಭಾಂಶವಾಗಿ ಹಂಚದೆ ನಿರ್ದೇಶಕರ ಸಂಭಾವನೆಯಾಗಿಯೇ ತೆಗೆದುಕೊಳ್ಳುತ್ತಿದ್ದರು. 1969ರಲ್ಲಿ ತಂದೆ, ಮಗ ಒಂದಾಗಿ ಮತ ಹಾಕಿ ಎಬ್ರಾಹಿಮಿ ಅವರನ್ನು ನಿರ್ದೇಶಕ ಸ್ಥಾನದಿಂದ ತೆಗೆದರು. ಕಾಯ್ದೆಯ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ; ಬಹುಮತ ಅವರದೇ. ಆದರೆ ಎಬ್ರಾಹಿಮಿ ಅವರ ಕೈಯಲ್ಲಿ ಷೇರುಪತ್ರ ಉಳಿಯಿತು, ಆದಾಯ ನಿಂತಿತು. 1972ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯ) ಕಂಪನಿ ಮುಚ್ಚುವ ಮೊದಲ ಆದೇಶವನ್ನು ಮರುಸ್ಥಾಪಿಸಿತು. ಅಲ್ಲಿ ನೋಡಿದ ಗುರುತುಗಳು ಮೂರು: ಪರಸ್ಪರ ವೈಯಕ್ತಿಕ ನಂಬಿಕೆಯ ಮೇಲೆ ಕಂಪನಿ ಹುಟ್ಟಿರುವುದು, ಎಲ್ಲರೂ ಅಥವಾ ಕೆಲವರು ಆಡಳಿತದಲ್ಲಿ ಇರುತ್ತೇವೆ ಎಂಬ ಒಪ್ಪಂದ, ಷೇರನ್ನು ಹೊರಗಿನವರಿಗೆ ಮಾರಲು ನಿರ್ಬಂಧ.

ನಮ್ಮ ಸುಪ್ರೀಂ ಕೋರ್ಟ್ 1976ರ ಹಿಂದ್ ಓವರ್‌ಸೀಸ್ ಪ್ರಕರಣದಲ್ಲಿ ಈ ತತ್ವವನ್ನು ಪರಿಶೀಲಿಸಿತು. ಪಾಲುದಾರಿಕೆಯ ಸ್ವರೂಪ ಎದ್ದು ಕಾಣುವ ಕಂಪನಿಗೆ ಅದು ಸಲ್ಲುತ್ತದೆ, ಕಂಡಕಂಡ ಕಂಪನಿಗಳಿಗೆಲ್ಲ ಅಲ್ಲ ಎಂಬುದು ಅಲ್ಲಿನ ನಿಲುವು. ಖಾಸಗಿ ಕಂಪನಿ ಎಂದರೆ ತಾನಾಗಿಯೇ ಪಾಲುದಾರಿಕೆಯಂಥದ್ದು ಎಂದು ಭಾವಿಸಬೇಡಿ. ಅದನ್ನು ನೀವು ಕಾಗದದಲ್ಲಿ ತೋರಿಸಬೇಕು.

*ಪ್ರಾಮಾಣಿಕತೆಯ ಮೇಲಿನ ನಂಬಿಕೆ ಕಳೆದುಹೋಗುವುದು.* ಕಂಪನಿಯ ಹಣ ಸ್ವಂತಕ್ಕೆ ಹೋಗುವುದು, ಗಿರಾಕಿಗಳನ್ನು ತನ್ನದೇ ಇನ್ನೊಂದು ಸಂಸ್ಥೆಗೆ ತಿರುಗಿಸುವುದು, ಲೆಕ್ಕ ಮುಚ್ಚಿಡುವುದು, ಸಭೆಯೇ ಇಲ್ಲದೆ ನಡಾವಳಿ ಬರೆಯುವುದು. 1924ರ ಲಾಕ್ ಮತ್ತು ಜಾನ್ ಬ್ಲ್ಯಾಕ್‌ವುಡ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಸಾಮ್ರಾಜ್ಯದ ಕೊನೆಯ ಮೇಲ್ಮನವಿ ಪೀಠ) ಹಾಕಿದ ಗೆರೆ ಇವತ್ತಿಗೂ ಉಪಯುಕ್ತ: ಅಪನಂಬಿಕೆಗೆ ಕಾರಣ ಕಂಪನಿಯ ವ್ಯವಹಾರದಲ್ಲಿನ ನಡತೆಯಾಗಿರಬೇಕು, ಖಾಸಗಿ ಬದುಕಿನ ಕಹಿಯಲ್ಲ. ತಂಗಿಯ ಮದುವೆಯಲ್ಲಿ ಆದ ಅವಮಾನವನ್ನು ಅರ್ಜಿಯ ಮೂರನೆಯ ಪುಟದಲ್ಲಿ ಬರೆಯಬೇಡಿ. ಬರೆಯುವವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

*ಉದ್ದೇಶವೇ ಇಲ್ಲವಾಗುವುದು.* ಖರ್ಜೂರದಿಂದ ಕಾಫಿ ತಯಾರಿಸುವ ಜರ್ಮನ್ ಪೇಟೆಂಟ್ ನಂಬಿ ಕಂಪನಿಯೊಂದು ಹುಟ್ಟಿತ್ತು. ಆ ಪೇಟೆಂಟ್ ಸಿಗಲೇ ಇಲ್ಲ. 1882ರಲ್ಲಿ ಅದನ್ನು ಮುಚ್ಚಿಸಲಾಯಿತು. ಒಂದೇ ಯೋಜನೆಗೆಂದು ಕಟ್ಟಿದ ಕಂಪನಿ ನಿಮ್ಮದಾದರೆ ಇದು ಅನ್ವಯವಾದೀತು. ತಾತ್ಕಾಲಿಕ ನಷ್ಟ ಮಾತ್ರ ಇದರೊಳಗೆ ಬಾರದು.

ಯಾವುದು ಸಾಲದು? ಅಭಿಪ್ರಾಯಭೇದ. ಲಾಭಾಂಶ ಕೊಡಲಿಲ್ಲ ಎಂಬ ಒಂದೇ ದೂರು. ನಿರ್ದೇಶಕ ಸ್ಥಾನದಿಂದ ತೆಗೆದರು ಎಂಬ ಒಂದೇ ದೂರು: ಟಾಟಾ ಸಮೂಹ ಮತ್ತು ಅದರ ಅಧ್ಯಕ್ಷ ಸ್ಥಾನದಿಂದ ತೆಗೆಯಲಾದ ಸೈರಸ್ ಮಿಸ್ತ್ರಿ ನಡುವಿನ ವ್ಯಾಜ್ಯದಲ್ಲಿ 2021ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್, ಹುದ್ದೆಯಿಂದ ತೆಗೆದದ್ದಷ್ಟೇ ದಬ್ಬಾಳಿಕೆಯಾಗದು ಎಂದು ಸ್ಪಷ್ಟಪಡಿಸಿತು. ಬಹುಮತದವರ ಮೇಲೆ ವಿಶ್ವಾಸವಿಲ್ಲ ಎಂಬುದಷ್ಟೇ ಸಾಲದು ಎಂದು 1965ರಲ್ಲೇ ಕಳಿಂಗ ಟ್ಯೂಬ್ಸ್ ಪ್ರಕರಣದಲ್ಲಿ ಹೇಳಿಯಾಗಿದೆ.

ಹಂತ 3: ಯಾವ ಬಾಗಿಲು? 271 ಅಥವಾ 241

ಸೆಕ್ಷನ್ 271ರ ಅರ್ಜಿ ಕಂಪನಿಯನ್ನು ಮುಚ್ಚಿ ಎನ್ನುತ್ತದೆ. ಸೆಕ್ಷನ್ 241ರ ಅರ್ಜಿ, ದಬ್ಬಾಳಿಕೆ ಮತ್ತು ದುರಾಡಳಿತದಿಂದ ಪರಿಹಾರ ಕೊಡಿ ಎನ್ನುತ್ತದೆ. ಪರಿಹಾರ ಏನೇನಿರಬಹುದು ಎಂಬುದು ಸೆಕ್ಷನ್ 242ರಲ್ಲಿದೆ: ಒಬ್ಬರ ಷೇರನ್ನು ಇನ್ನೊಬ್ಬರು ಅಥವಾ ಕಂಪನಿಯೇ ಕೊಳ್ಳುವಂತೆ ಆದೇಶಿಸುವುದು, ನಿರ್ದೇಶಕರನ್ನು ತೆಗೆಯುವುದು, ಹೊಸ ನಿರ್ದೇಶಕರನ್ನು ನೇಮಿಸುವುದು, ಒಪ್ಪಂದ ರದ್ದುಪಡಿಸುವುದು, ಅಕ್ರಮವಾಗಿ ಗಳಿಸಿದ್ದನ್ನು ವಸೂಲು ಮಾಡುವುದು.

ಈಗ ಸೂಕ್ಷ್ಮ ನೋಡಿ. ಸೆಕ್ಷನ್ 242ರ ಪರಿಹಾರ ಬೇಕಾದರೆ ಎರಡು ವಿಷಯ ರುಜುವಾಗಬೇಕು. ಒಂದು, ಕಂಪನಿಯ ವ್ಯವಹಾರ ನಿಮ್ಮನ್ನು ತುಳಿಯುವಂತೆ ಅಥವಾ ಕಂಪನಿಗೇ ಹಾನಿಯಾಗುವಂತೆ ನಡೆದಿದೆ. ಎರಡು, ಕಂಪನಿ ಮುಚ್ಚಲು ಸಾಕಾಗುವಷ್ಟು ನ್ಯಾಯಯುತ ಕಾರಣ ಇದೆ, ಆದರೆ ಮುಚ್ಚಿದರೆ ನಿಮಗೇ ಅನ್ಯಾಯವಾಗುತ್ತದೆ. ಅಂದರೆ ಮುಚ್ಚುವ ಕಾರಣವನ್ನು ಪೂರ್ತಿ ಸಾಬೀತುಪಡಿಸಿ, ಕೊನೆಯಲ್ಲಿ ‘ಆದರೂ ಮುಚ್ಚಬೇಡಿ’ ಎನ್ನಬೇಕು! ಹಂತ 2ಕ್ಕೆ ಅಷ್ಟು ಜಾಗ ಕೊಟ್ಟದ್ದು ಇದಕ್ಕಾಗಿ. ಯಾವ ಬಾಗಿಲಿನಿಂದ ಹೋದರೂ ಆ ಪರೀಕ್ಷೆ ತಪ್ಪುವುದಿಲ್ಲ.

ನೇರವಾಗಿ 271ಕ್ಕೆ ಹೋಗುವವರಿಗೆ ಸೆಕ್ಷನ್ 273 ಒಂದು ಬಲೆ ಹರಡಿದೆ: ಬೇರೆ ಪರಿಹಾರ ಲಭ್ಯವಿದ್ದೂ ಅದನ್ನು ಬಿಟ್ಟು ಅಸಮಂಜಸವಾಗಿ ಸಮಾಪನವನ್ನೇ ಕೇಳುತ್ತಿದ್ದೀರಿ ಎನಿಸಿದರೆ ನ್ಯಾಯಮಂಡಳಿ ಅರ್ಜಿಯನ್ನು ನಿರಾಕರಿಸಬಹುದು. ನನ್ನ ಅಭಿಪ್ರಾಯ ಕೇಳುವುದಾದರೆ, ವ್ಯಾಪಾರ ಉಸಿರಾಡುತ್ತಿದ್ದರೆ 241ರ ಅಡಿ ಷೇರು ಖರೀದಿಯ ಆದೇಶ ಕೇಳಿ. ವ್ಯಾಪಾರ ಸತ್ತು, ಆಸ್ತಿಯಷ್ಟೇ ಉಳಿದಿದ್ದು, ಕೊಳ್ಳುವ ಶಕ್ತಿ ಇಬ್ಬರಿಗೂ ಇಲ್ಲದಿದ್ದರೆ ಮಾತ್ರ 271.

ಮೂರನೆಯ ಒಂದು ಅಡ್ಡದಾರಿಯನ್ನು ಕೆಲವರು ಸೂಚಿಸುತ್ತಾರೆ. ನೀವು ಕಂಪನಿಗೆ ಕೊಟ್ಟ ಸಾಲವನ್ನು ಮುಂದಿಟ್ಟು ದಿವಾಳಿ ಸಂಹಿತೆಯಡಿ ಅರ್ಜಿ ಹಾಕಿ ಎಂಬ ಸಲಹೆ ಅದು. ನಿಜವಾದ ಸಾಲ ಬಾಕಿಯಿದ್ದರೆ ಸರಿ (ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು). ಜಗಳ ತೀರಿಸಿಕೊಳ್ಳುವ ಆಯುಧವಾಗಿ ಬಳಸಿದರೆ ಆ ಸಂಹಿತೆಯ ಸೆಕ್ಷನ್ 65ರಂತೆ 1 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ಹಂತ 4: ಅರ್ಜಿ ಹಾಕುವ ಅರ್ಹತೆ ಲೆಕ್ಕ ಹಾಕಿ

ಸೆಕ್ಷನ್ 241ಕ್ಕೆ ಅರ್ಹತೆ ಸೆಕ್ಷನ್ 244ರಲ್ಲಿದೆ. ನೂರು ಸದಸ್ಯರು ಅಥವಾ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು; ಅಥವಾ ಹೊರಡಿಸಿದ ಷೇರು ಬಂಡವಾಳದ ಕನಿಷ್ಠ ಹತ್ತನೇ ಒಂದು ಭಾಗ ಹೊಂದಿರುವವರು. ಷೇರಿನ ಮೇಲೆ ಕಂಪನಿ ಕೇಳಿದ ಹಣವೆಲ್ಲ ಪಾವತಿಯಾಗಿರಬೇಕು.

ಉದಾಹರಣೆಗೆ, ಮೂವರು ಸದಸ್ಯರ ಕಂಪನಿಯಲ್ಲಿ ಒಟ್ಟು 10,000 ಷೇರು, ನಿಮ್ಮದು 3,000. ಉಳಿದಿಬ್ಬರು ಸೇರಿ ತಮ್ಮೊಳಗೇ 25,000 ಹೊಸ ಷೇರು ಹಂಚಿಕೊಂಡರು. ಒಟ್ಟು 35,000 ಆಯಿತು, ನಿಮ್ಮ ಪಾಲು ಶೇ 30ರಿಂದ ಶೇ 8.57ಕ್ಕೆ ಇಳಿಯಿತು. ‘ಹತ್ತರ ಕೆಳಗೆ ಹೋದೆ, ಇನ್ನು ಅರ್ಜಿ ಹಾಕುವಂತಿಲ್ಲ’ ಎಂದು ಎಷ್ಟೋ ಜನ ಕೈಚೆಲ್ಲುತ್ತಾರೆ. ಆದರೆ ತಲೆ ಎಣಿಸಿ ನೋಡಿ: ಮೂವರಲ್ಲಿ ನೀವೊಬ್ಬರು, ಹತ್ತನೇ ಒಂದಕ್ಕಿಂತ ಎಷ್ಟೋ ಹೆಚ್ಚು. ಹತ್ತು ಅಥವಾ ಅದಕ್ಕಿಂತ ಕಡಿಮೆ ಸದಸ್ಯರಿರುವ ಕಂಪನಿಯಲ್ಲಿ ಒಬ್ಬ ಸದಸ್ಯನೂ ಅರ್ಹನೇ. ಅಷ್ಟೇ ಅಲ್ಲ, ಹಿಡಿತ ಸಾಧಿಸಲೆಂದು ಮಾಡಿದ ಇಂಥ ಷೇರು ಹಂಚಿಕೆಯೇ ನಿಮ್ಮ ಅತಿ ಬಲವಾದ ದೂರು. ಬಹುಮತದಲ್ಲಿದ್ದವರನ್ನು ಅಲ್ಪಮತಕ್ಕೆ ಇಳಿಸಲು ತನಗೆ ತಾನೇ ಷೇರು ಹಂಚಿಕೊಂಡ ವ್ಯವಸ್ಥಾಪಕ ನಿರ್ದೇಶಕರ ಕ್ರಮ 2004ರಲ್ಲಿ, ಡೇಲ್ ಅಂಡ್ ಕ್ಯಾರಿಂಗ್‌ಟನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ನಿಲ್ಲಲಿಲ್ಲ.

ದೊಡ್ಡ ಕಂಪನಿಗಳಲ್ಲಿ ಲೆಕ್ಕ ಬೇರೆ. ಮಿಸ್ತ್ರಿ ಕುಟುಂಬದ ಸಂಸ್ಥೆಗಳಿಗೆ ಟಾಟಾ ಸಮೂಹದ ಮಾತೃ ಕಂಪನಿ ಟಾಟಾ ಸನ್ಸ್‌ನ ಈಕ್ವಿಟಿಯಲ್ಲಿ (ಸಾಮಾನ್ಯ ಷೇರುಗಳಲ್ಲಿ) ಶೇ 18ಕ್ಕೂ ಹೆಚ್ಚು ಪಾಲಿತ್ತು. ಆದ್ಯತಾ ಷೇರುಗಳನ್ನೂ (ಲಾಭಾಂಶದಲ್ಲಿ ಮೊದಲ ಹಕ್ಕಿರುವ ಷೇರುಗಳು) ಸೇರಿಸಿ ಎಣಿಸಿದಾಗ ಶೇ 10ರ ಗೆರೆ ಮುಟ್ಟಲಿಲ್ಲ. ಅರ್ಹತೆಯಲ್ಲಿ ವಿನಾಯಿತಿ ಕೊಡುವ ಅಧಿಕಾರ ಕಾಯ್ದೆಯಲ್ಲಿದ್ದದ್ದರಿಂದ ಅವರ ಅರ್ಜಿ ಉಳಿಯಿತು.

ಸೆಕ್ಷನ್ 271ಕ್ಕೆ ಶೇಕಡಾವಾರು ಮಿತಿ ಇಲ್ಲ. ಕಾಯ್ದೆಯ ಭಾಷೆಯಲ್ಲಿ ‘ಕಾಂಟ್ರಿಬ್ಯೂಟರಿ’ ಆದವರು, ಅಂದರೆ ಸಮಾಪನದ ವೇಳೆ ಕಂಪನಿಯ ಆಸ್ತಿಗೆ ಕೊಡುಗೆ ನೀಡಲು ಬಾಧ್ಯರಾದವರು, ಅರ್ಜಿ ಹಾಕಬಹುದು. ಷೇರಿನ ಹಣ ಪೂರ್ತಿ ಕಟ್ಟಿದವರೂ ಇದರಲ್ಲಿ ಸೇರುತ್ತಾರೆ. ಷರತ್ತು ಇಷ್ಟು: ಷೇರು ಮೂಲತಃ ನಿಮಗೇ ಹಂಚಿಕೆಯಾಗಿರಬೇಕು, ಇಲ್ಲವೇ ಸಮಾಪನ ಆರಂಭಕ್ಕೆ ಹಿಂದಿನ 18 ತಿಂಗಳಲ್ಲಿ ಕನಿಷ್ಠ 6 ತಿಂಗಳು ನಿಮ್ಮ ಹೆಸರಿನಲ್ಲಿರಬೇಕು, ಅಥವಾ ತೀರಿಕೊಂಡವರಿಂದ ಬಂದಿರಬೇಕು.

ಹಂತ 5: ಕಾಗದ ಕೂಡಿಸಿ

ನಿರ್ದೇಶಕ ಸ್ಥಾನದಲ್ಲಿ ಇರುವಾಗಲೇ ಈ ಕೆಲಸ ಮಾಡಿ. ಸೆಕ್ಷನ್ 128ರ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಕಚೇರಿಯ ವೇಳೆಯಲ್ಲಿ ಪರಿಶೀಲಿಸುವ ಹಕ್ಕು ನಿರ್ದೇಶಕರಿಗಿದೆ. ಬರಿಯ ಷೇರುದಾರರಿಗೆ ಮಹಾಸಭೆಯ ನಡಾವಳಿ, ಸದಸ್ಯರ ರಿಜಿಸ್ಟರ್, ಲೆಕ್ಕಪರಿಶೋಧಿತ ಲೆಕ್ಕಪತ್ರ ಸಿಗುತ್ತವೆ; ಆಡಳಿತ ಮಂಡಳಿಯ ನಡಾವಳಿ ಸಿಗದು. ಸ್ಥಾನ ಹೋದ ಮರುದಿನ ಈ ವ್ಯತ್ಯಾಸ ಅರಿವಾಗುತ್ತದೆ. ಹಾಗೆಂದು ಇನ್ನೊಬ್ಬರ ಇಮೇಲ್ ಖಾತೆಗೆ ನುಗ್ಗಬೇಡಿ. ಲಿಖಿತವಾಗಿ ಕೇಳಿ, ನಿರಾಕರಿಸಿದರೆ ಆ ನಿರಾಕರಣೆಯೇ ಒಂದು ದಾಖಲೆ.

ಬೇಕಾದವು: ಸಂಘಟನಾ ಪತ್ರ (ಮೆಮೊರಾಂಡಮ್) ಮತ್ತು ಅಂತರ್ನಿಯಮಾವಳಿ, ಷೇರುದಾರರ ಒಪ್ಪಂದ, ಷೇರುಪತ್ರ, ಸಭೆಗಳ ನೋಟಿಸ್ ಮತ್ತು ನಡಾವಳಿ, ಬ್ಯಾಂಕ್ ವಿವರ, ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿ ಸಲ್ಲಿಸಿದ ನಮೂನೆಗಳ ಪ್ರತಿ. ಈ ಕೊನೆಯದನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು. ಎದುರಾಳಿಗೆ ಗೊತ್ತೂ ಆಗುವುದಿಲ್ಲ.

ಇವುಗಳನ್ನು ಹೇಗೆ ಓದಬೇಕು? ಒಂದು ನಡಾವಳಿ ಎತ್ತಿಕೊಳ್ಳಿ. ಮಂಡಳಿ ಸಭೆ ಬೆಳಿಗ್ಗೆ 11ಕ್ಕೆ, ‘ಹಾಜರಿದ್ದವರು’ ಎಂಬಲ್ಲಿ ನಿಮ್ಮ ಹೆಸರು, ಹೊಸ ಷೇರು ಹಂಚಿಕೆಗೆ ನಿಮ್ಮ ಸಮ್ಮತಿ. ಆ ದಿನ ನೀವು ಎಲ್ಲಿದ್ದಿರಿ? ಪಾಸ್‌ಪೋರ್ಟಿನ ಮುದ್ರೆ, ವಿಮಾನದ ಟಿಕೆಟ್, ಆಸ್ಪತ್ರೆಯ ಚೀಟಿ, ಏನಾದರೂ ಇದೆಯೇ? ನೋಟಿಸ್ ಬಂದದ್ದು ಯಾವಾಗ? ಮಂಡಳಿ ಸಭೆಗೆ ಸಾಮಾನ್ಯವಾಗಿ ಏಳು ದಿನಗಳ ನೋಟಿಸ್ ಬೇಕು. ಹಿಂದಿನ ರಾತ್ರಿ 11.40ಕ್ಕೆ ಬಂದ ಇಮೇಲ್ ಇದ್ದರೆ ಸಮಯ ಕಾಣುವಂತೆ ಮುದ್ರಿಸಿ ಇಡಿ. ಹಂಚಿಕೆಯ ಹಣ ನಿಜಕ್ಕೂ ಕಂಪನಿಯ ಖಾತೆಗೆ ಬಂದಿತೇ, ಬಂದ ಹಣ ಮೂರನೇ ದಿನ ಬೇರೆ ಹೆಸರಿನಲ್ಲಿ ಹೊರಗೆ ಹೋಯಿತೇ? ಈ ನಾಲ್ಕು ಕಾಗದ ಒಂದರ ಪಕ್ಕ ಒಂದಿಟ್ಟರೆ ಹತ್ತು ಪುಟದ ಆರೋಪಕ್ಕಿಂತ ಹೆಚ್ಚು ಮಾತನಾಡುತ್ತವೆ.

ಎರಡು ಎಚ್ಚರಿಕೆ. ಕೋಪದಿಂದ ಸಭೆಗಳನ್ನು ಬಹಿಷ್ಕರಿಸಬೇಡಿ: ಹನ್ನೆರಡು ತಿಂಗಳ ಎಲ್ಲ ಮಂಡಳಿ ಸಭೆಗಳಿಗೂ ಗೈರುಹಾಜರಾದರೆ ಸೆಕ್ಷನ್ 167ರಂತೆ ನಿರ್ದೇಶಕ ಸ್ಥಾನ ತಾನಾಗಿಯೇ ಹೋಗುತ್ತದೆ. ಹೋಗಿ, ವಿರೋಧ ದಾಖಲಿಸಿ ಬನ್ನಿ. ಮತ್ತು ಕೆಲಸವನ್ನು ಮುಂದೂಡಬೇಡಿ: ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ನಡೆದ ಕೆಲವು ಬಗೆಯ ಅಕ್ರಮ ಆಸ್ತಿ ವರ್ಗಾವಣೆಯನ್ನು ಸೆಕ್ಷನ್ 242ರ ಅಡಿ ರದ್ದು ಮಾಡಿಸಬಹುದು, ಆ ಕಿಟಕಿ ಬೇಗ ಮುಚ್ಚಿಕೊಳ್ಳುತ್ತದೆ. ಕಾಲಮಿತಿ ಕಾಯ್ದೆಯೂ ನ್ಯಾಯಮಂಡಳಿಗೆ ಅನ್ವಯಿಸುತ್ತದೆ.

ಹಂತ 6: ಅರ್ಜಿಗೆ ಮೊದಲು ಒಂದು ಪತ್ರ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎದುರಾಳಿಗೆ ನೋಂದಾಯಿತ ಅಂಚೆಯಲ್ಲೂ ಇಮೇಲ್‌ನಲ್ಲೂ ಸಣ್ಣ ಪತ್ರ ಕಳಿಸಿ. ಬೈಗುಳ ಬೇಡ. ಮುಖ್ಯವಾದ ಸಾಲು ಹೀಗಿರಲಿ: “ಇಬ್ಬರೂ ಒಪ್ಪುವ ನೋಂದಾಯಿತ ಮೌಲ್ಯಮಾಪಕರು ನಿಗದಿಪಡಿಸುವ ಬೆಲೆಗೆ ನನ್ನ ಷೇರುಗಳನ್ನು ನೀವು ಕೊಳ್ಳಿರಿ, ಇಲ್ಲವೇ ಅದೇ ಬೆಲೆಗೆ ನಿಮ್ಮ ಷೇರುಗಳನ್ನು ನನಗೆ ಮಾರಿರಿ. 30 ದಿನಗಳೊಳಗೆ ಉತ್ತರಿಸಿರಿ.” ‘ಅದೇ ಬೆಲೆಗೆ’ ಎಂಬ ಮಾತು ಬಲವಾದದ್ದು. ಬೆಲೆ ಕಡಿಮೆಯಾಯಿತು ಎಂದರೆ ಅವರೇ ಕೊಳ್ಳಲಿ, ಹೆಚ್ಚಾಯಿತು ಎಂದರೆ ಅವರೇ ಮಾರಲಿ. ನಾಳೆ ನೀವು ಅಸಮಂಜಸವಾಗಿ ಮುಚ್ಚಲು ಹೊರಟಿದ್ದೀರಿ ಎಂಬ ಆಕ್ಷೇಪ ಬಂದಾಗ ಈ ಪತ್ರವೇ ಉತ್ತರ.

ಮುಂದೆ ಬಿದ್ದು ಪೊಲೀಸ್ ದೂರು, ಗಿರಾಕಿಗಳಿಗೆ ಸಂದೇಶ, ಬ್ಯಾಂಕಿಗೆ ಪತ್ರ ಎಂದು ನಾಲ್ಕೂ ಕಡೆ ಬೆಂಕಿ ಹಚ್ಚಬೇಡಿ. ಸಮಂಜಸತೆ ಬೇಡುವವರು ಶುದ್ಧ ಹಸ್ತದಿಂದ ಬಂದಿದ್ದಾರೆಯೇ ಎಂದು ನ್ಯಾಯಮಂಡಳಿ ನೋಡುತ್ತದೆ. ನೀವೇ ಸೃಷ್ಟಿಸಿದ ಬಿಕ್ಕಟ್ಟಿನ ಲಾಭ ನಿಮಗೆ ಸಿಗದು. ಷೇರುದಾರರ ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತಿದ್ದರೆ ವಕೀಲರಿಗೆ ಮೊದಲೇ ತೋರಿಸಿ. ಸಮಾಪನದ ಆದೇಶ ಕೊಡುವ ಅಧಿಕಾರ ಮಧ್ಯಸ್ಥಗಾರರಿಗಿಲ್ಲ, ಆದರೆ ಒಪ್ಪಂದಭಂಗದ ಜಗಳಕ್ಕೇ ದಬ್ಬಾಳಿಕೆಯ ಬಟ್ಟೆ ತೊಡಿಸಿದ್ದೀರಿ ಎಂಬ ವಾದ ಎದ್ದೇ ಏಳುತ್ತದೆ.

ಹಂತ 7: ಅರ್ಜಿ ಸಲ್ಲಿಕೆ

ಸೆಕ್ಷನ್ 241ರ ಅರ್ಜಿಯನ್ನು 2016ರ ಎನ್‌ಸಿಎಲ್‌ಟಿ ನಿಯಮಗಳ ನಮೂನೆಯಲ್ಲಿ, 271ರ ಅರ್ಜಿಯನ್ನು 2020ರ ಸಮಾಪನ ನಿಯಮಗಳ ನಮೂನೆಯಲ್ಲಿ ಸಲ್ಲಿಸಬೇಕು, ಜತೆಗೆ ಪ್ರಮಾಣಪತ್ರ (ಅಫಿಡವಿಟ್). ಸಮಾಪನ ಅರ್ಜಿಯ ವಿಚಾರಣೆಗೆ ಕನಿಷ್ಠ 14 ದಿನ ಮೊದಲು ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯ ದಿನಪತ್ರಿಕೆಗಳಲ್ಲಿ ಜಾಹೀರಾತು ಬರುತ್ತದೆ. ಅದರ ಪರಿಣಾಮ ಯೋಚಿಸಿ: ಸಾಲ ಕೊಟ್ಟ ಬ್ಯಾಂಕು, ಸರಕು ಕೊಡುವವರು, ನೌಕರರು ಎಲ್ಲರೂ ಅದನ್ನು ಓದುತ್ತಾರೆ. ಕಂಪನಿಯ ಬೆಲೆ ಆ ದಿನವೇ ಇಳಿಯಬಹುದು, ಅದರಲ್ಲಿ ನಿಮ್ಮ ಪಾಲೂ ಇದೆ.

ವಕೀಲರಲ್ಲದೆ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್‌ಗಳೂ ನ್ಯಾಯಮಂಡಳಿಯಲ್ಲಿ ವಾದಿಸಬಹುದು; ನೀವೇ ನಿಲ್ಲುವುದಕ್ಕೂ ಅಡ್ಡಿಯಿಲ್ಲ. ಸಂಗತಿ ವಿವಾದಿತವಾಗಿದ್ದರೆ ಅನುಭವಿ ವಕೀಲರನ್ನೇ ಹಿಡಿಯಿರಿ ಎನ್ನುತ್ತೇನೆ.

ಮಧ್ಯಂತರ ಕೋರಿಕೆ ಮರೆಯಬೇಡಿ. ಆಸ್ತಿ ಮಾರದಂತೆ, ಹೊಸ ಷೇರು ಹೊರಡಿಸದಂತೆ, ಷೇರುದಾರರ ಸ್ಥಿತಿ ಯಥಾವತ್ತಾಗಿರುವಂತೆ ಆದೇಶ ಕೇಳಿ. ಸಮಾಪನ ಅರ್ಜಿಯಲ್ಲಿ ತಾತ್ಕಾಲಿಕ ಲಿಕ್ವಿಡೇಟರ್ ನೇಮಕವನ್ನೂ ಕೇಳಬಹುದು. ಅರ್ಜಿ ಸಲ್ಲಿಕೆಯಾದ 90 ದಿನಗಳಲ್ಲಿ ಸಮಾಪನ ಅರ್ಜಿಯ ಮೇಲೆ ಆದೇಶವಾಗಬೇಕು ಎಂದು ಸೆಕ್ಷನ್ 273 ಹೇಳುತ್ತದೆ. ಆ ಅಂಕಿ ನಂಬಿ ಮನೆಸಾಲದ ಕಂತಿನ ಲೆಕ್ಕ ಹಾಕಬೇಡಿ. ವಿವಾದಿತ ಪ್ರಕರಣ ವರ್ಷಗಟ್ಟಲೆ ಎಳೆಯುವುದುಂಟು, ನಿಮ್ಮನ್ನು ಕಾಯುವುದು ಮಧ್ಯಂತರ ಆದೇಶವೇ.

ಹಂತ 8: ಆದೇಶ ಬಂದ ಮೇಲೆ

ಷೇರು ಖರೀದಿಯ ಆದೇಶವಾದರೆ ಮುಂದಿನ ಕದನ ಬೆಲೆಯದ್ದು. ಯಾವ ದಿನಾಂಕದ ಮೌಲ್ಯ ಎಂಬುದು ಎಲ್ಲಕ್ಕಿಂತ ಮುಖ್ಯ. ಜಗಳದಲ್ಲಿ ವ್ಯಾಪಾರ ಕುಸಿದ ಮೇಲಿನ ದಿನಾಂಕ ಹಿಡಿದರೆ ಹೊರದಬ್ಬಿದವರಿಗೇ ಲಾಭ. ಅದನ್ನು ಅರ್ಜಿಯಲ್ಲಿಯೇ ಕೇಳಿರಿ.

ಸಮಾಪನದ ಆದೇಶವಾದರೆ ಕಂಪನಿ ನಿಮ್ಮಿಬ್ಬರ ಕೈಯನ್ನೂ ಬಿಟ್ಟು ಲಿಕ್ವಿಡೇಟರ್ ಕೈಗೆ ಹೋಗುತ್ತದೆ. ವ್ಯಾಪಾರ ಮುಂದುವರಿಸಿದರೆ ಹೊರತು, ಆ ಆದೇಶವೇ ನೌಕರರಿಗೆ ಕೆಲಸದಿಂದ ಬಿಡುಗಡೆಯ ನೋಟಿಸ್. ಕಂಪನಿಯ ವಿರುದ್ಧದ ದಾವೆಗಳಿಗೆ ನ್ಯಾಯಮಂಡಳಿಯ ಅನುಮತಿ ಬೇಕು. ಆಸ್ತಿ ಮಾರಿದ ಹಣದಲ್ಲಿ ಕಾರ್ಮಿಕರ ಬಾಕಿ ಮತ್ತು ಅಡಮಾನ ಹೊಂದಿದ ಸಾಲದಾತರು ಮುಂದೆ, ತೆರಿಗೆಯಂಥವು ಆಮೇಲೆ, ಉಳಿದ ಸಾಲದಾತರು ಅವರ ಹಿಂದೆ. ಷೇರುದಾರರು ಸಾಲಿನ ಕೊನೆಯಲ್ಲಿ. ಬ್ಯಾಂಕ್ ಸಾಲಕ್ಕೆ ನೀವು ಬರೆದುಕೊಟ್ಟ ವೈಯಕ್ತಿಕ ಜಾಮೀನು ಕಂಪನಿಯೊಂದಿಗೆ ಸಾಯುವುದಿಲ್ಲ, ಅದು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಮುಚ್ಚಿಸುವ ಮೊದಲೇ ಆ ಮೊತ್ತ ಎಷ್ಟೆಂದು ಬ್ಯಾಂಕಿನಿಂದ ಲಿಖಿತವಾಗಿ ಪಡೆದಿರಿ.

ಆದೇಶ ವಿರುದ್ಧವಾದರೆ ಸೆಕ್ಷನ್ 421ರ ಅಡಿ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಹೋಗಬೇಕು. ಸಕಾರಣವಿದ್ದರೆ ಮತ್ತೆ 45 ದಿನ ಸಿಗಬಹುದು, ಅದರಾಚೆ ಒಂದು ದಿನವೂ ಇಲ್ಲ. ಬೆಂಗಳೂರು ಪೀಠದ ಆದೇಶಗಳಿಗೆ ಮೇಲ್ಮನವಿ ಚೆನ್ನೈ ಪೀಠದಲ್ಲಿ. ಅಲ್ಲಿಂದ ಮುಂದೆ ಕಾನೂನಿನ ಪ್ರಶ್ನೆಯಿದ್ದರೆ ಮಾತ್ರ 60 ದಿನಗಳಲ್ಲಿ ಸುಪ್ರೀಂ ಕೋರ್ಟ್. ಈ 45 ದಿನ ಆದೇಶದ ಪ್ರತಿ ನಿಮಗೆ ಲಭ್ಯವಾದ ದಿನದಿಂದ ಎಣಿಕೆಯಾಗುತ್ತದೆ. ಹಾಗಾಗಿ ದೃಢೀಕೃತ ಪ್ರತಿಗೆ ಆದೇಶವಾದ ದಿನವೇ ಅರ್ಜಿ ಕೊಡಿ, ಅದು ಕೈಸೇರಿದ ದಿನಾಂಕವನ್ನು ಪ್ರತಿಯ ಮೇಲೆಯೇ ಬರೆದಿಡಿ.